ಹೊಸ ಚೆಂಡಿನ ಹೊತ್ತು

"ಶವಪೆಟ್ಟಿಗೆ ಮುಚ್ಚಳ ತೆಗೆಯೋಕಾಗಲ್ಲವಂತೆ, ಅತ್ತಿಗೆ," ಎಂದು ಹಯವದನ ಮೂರನೆಯ ಸಲ ಹೇಳಿದ. ಲೀಲಾವತಿ ಕೇಳಿಸದವಳಂತೆ ಗಂಗಾಜಲದ ಪುಟ್ಟ ಬಾಟಲಿಯ ಬಿರಡೆ ತಿರುಗಿಸುತ್ತಲೇ ಇದ್ದಳು.

"ಬಾಯಿಗೆ ಎರಡು ಹನಿ ಬಿಡ್ತೀನಿ, ಅಷ್ಟೇ. ಅದಕ್ಕೂ ಪರ್ಮಿಷನ್ ಬೇಕಾ?"

ಬೇಕಿತ್ತು. ಅವಳ ಗಂಡ ಪ್ರಭಾಕರ ಸತ್ತು ಇಪ್ಪತ್ತಮೂರು ದಿನವಾಗಿತ್ತು. ಸ್ವೀಡನ್ನಿನ ಈ ಉಪ್ಸಾಲಾದಲ್ಲಿ ಸತ್ತವರೂ ಸರದಿಯಲ್ಲಿ ಕಾಯಬೇಕು. ದಹನವೇ ಆಗದೆ ಹದಿಮೂರನೇ ದಿನವನ್ನು ಎಲ್ಲಿಂದ ಎಣಿಸುವುದೆಂದು ಬೆಂಗಳೂರಿನ ಪುರೋಹಿತರು ವಿಡಿಯೋ ಕಾಲ್‌ನಲ್ಲಿ ಕೇಳಿದ್ದರು. ಯಾರಿಗೂ ಗೊತ್ತಿರಲಿಲ್ಲ. ಈಗ ಸಿಕ್ಕಿರುವುದು ಪ್ರಾರ್ಥನಾ ಮಂದಿರದಲ್ಲಿ ಮುಕ್ಕಾಲು ಗಂಟೆ.

ಅಂತ್ಯಸಂಸ್ಕಾರದ ಉಸ್ತುವಾರಿಯ ಕಾರಿನ್ ಎಂಬಾಕೆ ಮೆಲುದನಿಯಲ್ಲಿ ಸ್ವೀಡಿಷ್‌ನಲ್ಲಿ ಏನೋ ಹೇಳಿದಳು. ಮಗ ರೋಹನ್ ತಾಯಿಯ ಕಡೆ ತಿರುಗಿದ.

"ನಾವು ಮನೆಗೆ ಹೋಗ್ಬೇಕಂತೆ ಅಮ್ಮ. ದೇ ವಿಲ್ ಡು ಇಟ್ ಲೇಟರ್. ಈ ವಾರದಲ್ಲಿ ಯಾವಾಗ್ಲಾದ್ರೂ."

"ಬೆಂಕಿ ಕೊಡೋದು?"

"ಅದೂ ಅವರೇ," ಎಂದ ರೋಹನ್. ಲೀಲಾವತಿ ಬಾಟಲಿಯನ್ನು ಕೈಚೀಲಕ್ಕೆ ಹಾಕಿ, ಅಲ್ಲಿಂದಲೇ ಒಂದು ಕಾಗದ ತೆಗೆದಳು.

"ಇದು ಇವರ ಜಾಕೆಟ್‌ನಲ್ಲಿತ್ತು. ಹಾರ್ಟ್ ಟೆಸ್ಟಿಗೆ ಹನ್ನೊಂದು ವಾರ ಕಾಯಿರಿ ಅಂತ ಬರೆದಿದ್ದಾರೆ. ನನಗೆ ಒಂದು ಮಾತೂ ಹೇಳ್ಲಿಲ್ಲ. ಪ್ರತಿ ಶನಿವಾರ ನಿಮ್ಮ ಜೊತೆ ಕೂತಿರ್ತಿದ್ರು. ನಿಮಗೆ ಹೇಳಿದ್ರಾ?"

"ಇಲ್ಲ ಅತ್ತಿಗೆ," ಎಂದ ಹಯವದನ. ಕೋಟಿನ ಜೇಬಿನೊಳಗೆ ಅವನ ಕೈ ಪ್ರಭಾಕರನ ಹಳೆಯ ಕೆಂಪು ಕ್ರಿಕೆಟ್ ಚೆಂಡನ್ನು ಹಿಡಿದುಕೊಂಡಿತ್ತು.

*

ಆ ಚೆಂಡು ಹದಿನೆಂಟು ವರ್ಷ ವಿಶ್ವವಿದ್ಯಾಲಯದ ಪ್ರಯೋಗಾಲಯದಲ್ಲಿ, ಪ್ರಭಾಕರ ನೋಡಿಕೊಳ್ಳುತ್ತಿದ್ದ ಯಂತ್ರಗಳ ಪಕ್ಕದಲ್ಲೇ ಇತ್ತು. ಶನಿವಾರ ಅದು ಅವನ ಜೊತೆ ನದಿಯ ದಂಡೆಯ ಕೆಫೆಗೆ ಬರುತ್ತಿತ್ತು. ಪ್ರಭಾಕರ ಗವಾಸ್ಕರ್ ಕಡೆ, ಹಯವದನ ಸೆಹ್ವಾಗ್ ಕಡೆ. ಹದಿನೆಂಟು ವರ್ಷದಲ್ಲಿ ಇಬ್ಬರೂ ಒಂದಂಗುಲ ಸರಿದವರಲ್ಲ.

"ಚೆನ್ನೈಯಲ್ಲಿ ಒಂದೇ ದಿನ ಇನ್ನೂರೈವತ್ತು ದಾಟಿಸಿದ ಕಣೋ! ಬೌಲರ್‌ಗಳೇ ಸುಸ್ತು. ನಿಮ್ಮೋನಾಗಿದ್ರೆ?"

"ಓಪನರ್ ಅಂದ್ರೆ ಹೊಡೆಯೋನಲ್ಲ ಹಯವದನ, ಬಾಲ್ ಮುಟ್ಟದೆ ಬಿಡೋನು," ಎಂದು ಪ್ರಭಾಕರ ಚೆಂಡಿನ ಹೊಲಿಗೆಯ ಮೇಲೆ ಬೆರಳಾಡಿಸುತ್ತಿದ್ದ. "ನಮ್ಮೋನು ಹೆಲ್ಮೆಟ್ ಇಲ್ದೆ ವೆಸ್ಟ್ ಇಂಡೀಸ್ ಫಾಸ್ಟ್ ಬೌಲರ್‌ಗಳ ಮುಂದೆ ನಿಂತೋನು. ಹೊಸ ಚೆಂಡಿನ ಹೊಳಪು ಹೋಗೋ ತನಕ ಬಿಡ್ತಾ ಇರ್ಬೇಕು. ಅದಕ್ಕೆ ಎದೆಗಾರಿಕೆ ಬೇಕು."

ಅವನು ಬಾಳಿದ್ದೂ ಹಾಗೆಯೇ. ಬಡ್ತಿ ತಪ್ಪಿದಾಗಲೂ ಬಿಟ್ಟ, ಇಲ್ಲಿ ನೆಲೆಸುವ ಪರ್ಮಿಟ್ ಕಾಗದ ವರ್ಷಗಟ್ಟಲೆ ಬಾರದಾಗಲೂ ಕಾದ. ಇವನಿಗೆ ಸಿಟ್ಟೇ ಬರುವುದಿಲ್ಲವೇ ಎಂದು ಹಯವದನನಿಗೆ ಮೈ ಉರಿಯುತ್ತಿತ್ತು.

ಕಳೆದ ಡಿಸೆಂಬರಿನ ಒಂದು ಶನಿವಾರ ಪ್ರಭಾಕರ ಕಾಫಿ ಮುಟ್ಟದೆ ಕೂತಿದ್ದ.

"ಸೈಕಲ್ ತುಳಿಯುವಾಗ ಎದೆ ಹಿಡಿದ ಹಾಗಾಗತ್ತೆ. ಟೆಸ್ಟ್‌ಗೆ ಹನ್ನೊಂದು ವಾರ ಅಂತೆ. ಲೀಲಾಗೆ ಹೇಳ್ಬೇಡ, ಗಾಬರಿಯಾಗ್ತಾಳೆ."

"ಹನ್ನೊಂದು ವಾರಾನಾ? ಫೋನ್ ಮಾಡಿ ಗಲಾಟೆ ಮಾಡೋ! ಇಲ್ಲಾ ನಡಿ, ಈಗ್ಲೇ ಎಮರ್ಜೆನ್ಸಿಗೆ ಹೋಗೋಣ."

"ನೋಡಿದ್ಯಾ? ನೀನು ಮೊದಲನೇ ಬಾಲಿಗೇ ಬ್ಯಾಟ್ ಬೀಸೋನು," ಎಂದು ಪ್ರಭಾಕರ ನಕ್ಕ. "ಅದಕ್ಕೇ ನಿನ್ನ ಹೀರೋಗೆ ಇಂಗ್ಲೆಂಡಿನ ಪಿಚ್ ಕಷ್ಟ."

ಹಯವದನನಿಗೆ ಅಷ್ಟೇ ಸಾಕಾಯಿತು. ನಾಟಿಂಗ್‌ಹ್ಯಾಮ್‌ನ ಶತಕದ ಮಾತೆತ್ತಿದ, ಸರಾಸರಿ ಹೇಳಿದ, ಮೇಜು ಗುದ್ದಿದ. ಒಂದು ಗಂಟೆ ಕಳೆದದ್ದೇ ತಿಳಿಯಲಿಲ್ಲ. ಹೊರಡುವಾಗ ಪ್ರಭಾಕರ ಒಂದು ಕೈಯಿಂದ ಎದೆ ನೀವಿಕೊಳ್ಳುತ್ತ ಸೈಕಲ್ಲಿನ ಬೀಗ ತೆಗೆದ. ಹಯವದನ ನೋಡಿದ. ಗೆದ್ದ ಖುಷಿಯಲ್ಲಿ ಇದ್ದುದರಿಂದ ಕೈ ಬೀಸಿ ಹೊರಟುಬಿಟ್ಟ.

*

ಬಂದವರು ಹನ್ನೆರಡು ಜನ. ಒಬ್ಬೊಬ್ಬರೂ ಹೂವಿಟ್ಟು ಹೊರಗೆ ಹೋದರು. ಬಾಗಿಲಾಚೆ ಹಿಮದಲ್ಲಿ ಮುಂದಿನ ಸರದಿಯ ಕುಟುಂಬ ಕಪ್ಪು ಬಟ್ಟೆಯಲ್ಲಿ ನಿಂತಿತ್ತು.

ಹಯವದನ ಚೆಂಡನ್ನು ಪೆಟ್ಟಿಗೆಯ ಮೇಲಿಟ್ಟ. ಮುಚ್ಚಳ ಎರಡೂ ಕಡೆಗೆ ಇಳಿಜಾರು. ಚೆಂಡು ಜಾರಿತು, ಹಿಡಿದ. ಹೂಗಳ ನಡುವೆ ಒರಗಿಸಿದ, ಮತ್ತೆ ಜಾರಿತು. ಕಡೆಗೆ ಅಂಗೈಯಿಂದ ಒತ್ತಿಹಿಡಿದು ನಿಂತುಬಿಟ್ಟ. ಕಾರಿನ್ ಗಡಿಯಾರ ನೋಡಿದಳು.

"ಬನ್ನಿ ಹಯವದನ ಅವ್ರೇ. ಟೈಮ್ ಆಯ್ತಂತೆ," ಎಂದು ಲೀಲಾವತಿ ಹತ್ತಿರ ಬಂದಳು.

"ಅತ್ತಿಗೆ, ನನಗೆ ಹೇಳಿದ್ದ. ಡಿಸೆಂಬರ್‌ನಲ್ಲೇ."

ಅವಳು ಅಳಲಿಲ್ಲ. ಅವನ ಕೈಯನ್ನೂ ಅದರಡಿಯ ಚೆಂಡನ್ನೂ ನೋಡಿದಳು.

"ನೀವೇನಂದ್ರಿ?"

"ಎಮರ್ಜೆನ್ಸಿಗೆ ಹೋಗೋಣ ಅಂದೆ. ಆಮೇಲೆ..."

"ಆಮೇಲೆ?"

"ಕ್ರಿಕೆಟ್ ಮಾತಾಡಿದ್ವಿ, ಅತ್ತಿಗೆ."

ಲೀಲಾವತಿ ಸೆರಗನ್ನು ಕೋಟಿನೊಳಗೆ ಸೇರಿಸಿ, ಮಗನ ತೋಳು ಹಿಡಿದು ಹೊರಗೆ ನಡೆದಳು.

ಅವಳನ್ನು ಕರೆಯಲೆಂದು ಹಯವದನ ಕೈಯೆತ್ತಿದ. ಚೆಂಡು ಉರುಳಿ ಕಲ್ಲಿನ ನೆಲಕ್ಕೆ ಬಿದ್ದು, ಪುಟಿದು, ಕುರ್ಚಿಗಳ ಸಾಲಿನಡಿ ನುಸುಳಿತು. ಅರವತ್ತರ ಹತ್ತಿರದ ಹಯವದನ ಮಂಡಿಯೂರಿ ಕುರ್ಚಿಗಳ ಕೆಳಗೆ ಕೈಯಾಡಿಸತೊಡಗಿದ. ಆ ಚೆಂಡು ಅವನಿಗೇನೆಂದು ತಿಳಿಯದಿದ್ದರೂ ಕಾರಿನ್ ಕೂಡ ಆಚೆ ಬದಿಯಲ್ಲಿ ಮಂಡಿಯೂರಿದಳು. ಬಾಗಿಲು ತೆರೆದು ಮುಂದಿನವರು ಹೂ ಹಿಡಿದು ಒಳಗೆ ಬಂದರು. ಇಬ್ಬರೂ ಇನ್ನೂ ಹುಡುಕುತ್ತಲೇ ಇದ್ದರು.