ಕಡಿದ ಹಸಿರು ವೈರು

ನಾನು ಒಂದು ಪವರ್ ಸಪ್ಲೈ. ಹೆಸರು ಕೇಳಿ ದೊಡ್ಡ ಮನುಷ್ಯ ಅಂದುಕೊಳ್ಳಬೇಡಿ. ಉದ್ದನೆಯ ಇಟ್ಟಿಗೆಯಷ್ಟಿದ್ದೇನೆ, ತಗಡಿನ ಮೈ, ಹಿಂದೊಂದು ಪುಟ್ಟ ಫ್ಯಾನು. ಗೋಡೆಯ ಇನ್ನೂರ ಮೂವತ್ತು ವೋಲ್ಟಿನ ಕರೆಂಟನ್ನು ಒಂದು ತುದಿಯಲ್ಲಿ ನುಂಗಿ, ಇನ್ನೊಂದು ತುದಿಯಲ್ಲಿ ಹನ್ನೆರಡು ವೋಲ್ಟಾಗಿ ಪಳಗಿಸಿ ಕೊಡುವುದು ನನ್ನ ಕಸುಬು. ಹುಲಿಯನ್ನು ಹಸು ಮಾಡುವ ಕೆಲಸ ಅನ್ನಿ. ಆದರೆ ಹುಲಿ ಸದಾ ನನ್ನ ಹೊಟ್ಟೆಯೊಳಗೇ ಇರುತ್ತದೆ.

ನನ್ನನ್ನು ಹೆತ್ತ ಕಾರ್ಖಾನೆಯವರು ಇದನ್ನು ಚೆನ್ನಾಗಿ ಬಲ್ಲವರು. ಅದಕ್ಕೇ ನನ್ನ ಮೈಗೆ ಒಂದು ಹಸಿರು ವೈರು ಕಟ್ಟಿ, ಪ್ಲಗ್ಗಿನ ದಪ್ಪ ಕಾಲಿನ ಮೂಲಕ ಅದನ್ನು ಭೂಮಿಗೆ ಮುಟ್ಟಿಸಿದ್ದರು. ಹುಲಿ ಎಂದಾದರೂ ತಪ್ಪಿಸಿಕೊಂಡು ನನ್ನ ಮೈಗೆ ಬಂದರೆ ಆ ದಾರಿ ಹಿಡಿದು ನೆಲಕ್ಕಿಳಿಯಲಿ, ಮುಟ್ಟಿದವರ ಎದೆಗಲ್ಲ ಎಂದು. ನನ್ನ ಮಾನವೆಲ್ಲ ಇದ್ದದ್ದು ಆ ಒಂದು ವೈರಿನಲ್ಲಿ.

ಪ್ರಾಯವೆಲ್ಲ ಬೆಂಗಳೂರಿನ ಒಂದು ಕಂಪ್ಯೂಟರ್ ಕೋಣೆಯಲ್ಲಿ ಕಳೆಯಿತು. ಸದಾ ಚಳಿ, ಸದಾ ಗದ್ದಲ. ನನ್ನ ಮುಖ ನೋಡಿದವರೇ ಇಲ್ಲ. ಆಯುಧಪೂಜೆಯ ದಿನ ಕೂಡ ಕುಂಕುಮದ ಪುಡಿ ಒಳಗೆ ಬಂದರೆ ಯಂತ್ರಗಳು ಕೆಡುತ್ತವೆಂದು ಕೋಣೆಯ ಬಾಗಿಲಿಗೆ ಮಾತ್ರ ಹೂವು ಕಟ್ಟುತ್ತಿದ್ದರು. ಹೊರಗೆ ತೆಂಗಿನಕಾಯಿ ಒಡೆದ ಸದ್ದು ಕೇಳುತ್ತಿತ್ತು, ಪ್ರಸಾದ ಯಾರ ಪಾಲೋ. ಕೊನೆಗೆ ಹೊಸ ಯಂತ್ರಗಳು ಬಂದವು. ಗಟ್ಟಿಮುಟ್ಟಾಗಿದ್ದ ನಮ್ಮನ್ನೆಲ್ಲ ಗುಜರಿಗೆ ಹಾಕಿದರು.

ಆ ರಾಶಿಯಿಂದ ನನ್ನನ್ನೂ ನನ್ನಂಥದೇ ಇನ್ನೊಂದನ್ನೂ ಎತ್ತಿಕೊಂಡವರು ಮೈಸೂರಿನ ತಾಂಡವಮೂರ್ತಿ. ಕನ್ನಡಕದ ಅಂಗಡಿಯವರು. ಅವರ ಹುಚ್ಚು ಮಾತ್ರ ಆಟದ ವಿಮಾನ: ರಿಮೋಟಿನಲ್ಲಿ ಹಾರುವ, ಮಂಚದಷ್ಟು ಅಗಲದ ರೆಕ್ಕೆಯ ವಿಮಾನ. ಅದರ ಬ್ಯಾಟರಿಗಳನ್ನು ಬೇಗ ಚಾರ್ಜ್ ಮಾಡಲು ಇಪ್ಪತ್ನಾಲ್ಕು ವೋಲ್ಟು ಬೇಕಿತ್ತು. ಹನ್ನೆರಡಕ್ಕೆ ಹನ್ನೆರಡು ಸೇರಿಸಿದರಾಯಿತು ಎಂದು ಲೆಕ್ಕ ಹಾಕಿ ನಮ್ಮನ್ನು ಅಣ್ಣತಮ್ಮಂದಿರನ್ನಾಗಿ ಮಾಡಿದರು. ನಾನು ಅಣ್ಣ.

ಸೇರಿಸುವುದರಲ್ಲೇ ತೊಡಕಿತ್ತು. ನಮ್ಮಿಬ್ಬರ ಹನ್ನೆರಡು ವೋಲ್ಟಿನ ಮೈನಸ್ ತುದಿ ತಗಡಿನ ಮೈಗೂ, ಮೈ ಭೂಮಿಗೂ ಅಂಟಿಕೊಂಡಿದ್ದರಿಂದ, ಹಾಗೇ ಜೋಡಿಸಿದರೆ ತಮ್ಮ ಸುಟ್ಟುಹೋಗುತ್ತಿದ್ದ. ಸರಿಯಾದ ದಾರಿ ಎಂದರೆ ನನ್ನನ್ನು ಪೂರ್ತಿ ಬಿಚ್ಚಿ, ಒಳಗಿನ ಸರ್ಕ್ಯೂಟ್ ಹಲಗೆಯನ್ನು ಪ್ಲಾಸ್ಟಿಕ್ ವಾಷರ್ ಹಾಕಿ ತಗಡಿನಿಂದ ಬೇರೆ ಮಾಡುವುದು. ಕಣ್ಣು ನೋಯುವ ಕೆಲಸ. ದಸರಾ ರಜೆಗೆ ವಿಮಾನ ಹಾರಿಸುವ ಆತುರ ಬೇರೆ. ಜೊತೆಗೆ ಹಾರಿಸುವ ಗೆಳೆಯ ಬೋಪಯ್ಯ ಸುಲಭದ ದಾರಿ ಹೇಳಿದ.

"ಅಷ್ಟೆಲ್ಲ ಯಾಕೆ ಸಾರ್? ಆ ಹಸಿರು ವೈರ್ ಕಟ್ ಮಾಡಿ ಬಿಸಾಕಿ. ಎಲ್ಲಾರೂ ಹಂಗೇ ಮಾಡೋದು."

"ಏನೂ ಆಗಲ್ವಾ?"

"ನಮ್ಮನೇಲಿ ಏನಾಗಿದೆ ಹೇಳಿ?"

ಕಟ್ಟರ್ ಕಚ್ಚಿತು. ನನ್ನ ಹಸಿರು ವೈರು ತುಂಡಾಯಿತು, ತಮ್ಮನದು ಹಾಗೇ ಉಳಿಯಿತು. ಇದು ಸಾಲದೆಂಬಂತೆ, ಸಾಕೆಟ್ ಕೂರಿಸಲು ನನ್ನ ಮೈಗೆ ತೂತು ಕೊರೆದಾಗ ಉಗುರಿನ ಚೂರಿನಂಥ ಒಂದು ತಗಡಿನ ಸಿಬಿರು ಒಳಗೆ ಬಿತ್ತು. ಮೂಗಿನ ಮೇಲೆ ಸದಾ ಭೂತಗನ್ನಡಿ ಇಟ್ಟುಕೊಂಡಿರುವ ಮನುಷ್ಯನಿಗೆ ಅದು ಕಾಣಲಿಲ್ಲ! ನಮ್ಮಿಬ್ಬರ ಮೈ ತಾಗದಂತೆ ನಡುವೆ ಸೈಕಲ್ ಟ್ಯೂಬಿನ ತುಂಡು ಇಟ್ಟು, ಒಂದು ಕೆಂಪು ವೈರಿನಿಂದ ನಮ್ಮನ್ನು ಜೋಡಿಸಿ, ಸ್ವಿಚ್ ಹಾಕಿದರು. ಬ್ಯಾಟರಿ ತುಂಬಿತು. ಅವರು ಮಗುವಿನ ಹಾಗೆ ಚಪ್ಪಾಳೆ ತಟ್ಟಿದರು.

ನನಗೆ ಮಾತ್ರ ಅಂದಿನಿಂದ ನೆಮ್ಮದಿ ಇಲ್ಲ. ಫ್ಯಾನು ತಿರುಗಿದಾಗಲೆಲ್ಲ ಆ ಸಿಬಿರು ಒಳಗೆ ಕದಲುತ್ತಿತ್ತು. ಹುಲಿಯ ಕಡೆಗೆ ಒಂದಿಷ್ಟು, ಮತ್ತೆ ಇತ್ತ ಒಂದಿಷ್ಟು. ಅದು ಕರೆಂಟಿಗೂ ನನ್ನ ತಗಡಿಗೂ ಸೇತುವೆಯಾದ ದಿನ, ನನ್ನನ್ನು ಮುಟ್ಟಿದವರ ಗತಿ ಮುಗಿದಂತೆಯೇ. ಯಾರಿಗೆ ಹೇಳಲಿ?

ತಾಂಡವಮೂರ್ತಿಯವರ ಹೆಂಡತಿ ಗೌರಮ್ಮನಿಗೆ ನನ್ನನ್ನು ಕಂಡರಾಗದು. ನನ್ನ ಫ್ಯಾನಿನ ಸದ್ದಿಗೆ "ಕಿರುಚಾಮುಂಡಿ" ಎಂದು ಹೆಸರಿಟ್ಟಿದ್ದರು. ಬೈದುಕೊಂಡು ದೂರವೇ ಇದ್ದರೆ ನನಗೂ ಸಮಾಧಾನ. ಅವರು ಬೈದಷ್ಟೂ ನಾನು ಖುಷಿಪಡುತ್ತಿದ್ದೆ.

ಆಯುಧಪೂಜೆ ಬಂತು. ಗಂಡ ಗೇಟಿನ ಬಳಿ ಸ್ಕೂಟರ್ ತೊಳೆಯುತ್ತಿದ್ದರು. ನಮ್ಮನ್ನು ಆರಿಸುವುದನ್ನು ಮರೆತಿದ್ದರು. ಗೌರಮ್ಮ ತಲೆಗೆ ನೀರು ಹಾಕಿಕೊಂಡು, ಆಗಷ್ಟೇ ಸಾರಿಸಿದ ಹಸಿ ನೆಲದ ಮೇಲೆ ಬರಿಗಾಲಿನಲ್ಲಿ, ತಟ್ಟೆ ಹಿಡಿದು ಬಂದರು. ಈಳಿಗೆಮಣೆಗೆ ಕುಂಕುಮ, ಹೊಲಿಗೆ ಯಂತ್ರಕ್ಕೆ ಕುಂಕುಮ, ಮಿಕ್ಸಿಗೂ ಕುಂಕುಮ. ಆಮೇಲೆ ನನ್ನ ಮುಂದೆ ನಿಂತರು.

"ನೀನೂ ದುಡೀತೀಯಲ್ಲ, ಕಿರುಚಾಮುಂಡಿ. ಬಾ, ನಿಂಗೂ ಇಡ್ತೀನಿ."

ಒಣಬಟ್ಟೆಯಲ್ಲಿ ಹಿಡಿದು, ಬಗ್ಗಿಸಿ, ನನ್ನ ತಳವನ್ನೂ ಒರೆಸಿದರು. ಒಳಗೆ ಸಿಬಿರು ಜಾರಿ ಅಂಚಿಗೆ ಬಂದು ನಿಂತಿತು. ಹೂವು ಮುಡಿಸಲು ಅಡ್ಡವೆಂದು ಕೆಂಪು ವೈರನ್ನು ಕಿತ್ತರು. ತಮ್ಮನ ಮೂಲಕ ಭೂಮಿಗೆ ನನಗಿದ್ದ ಕೊನೆಯ ದಾರಿ ಅದೊಂದೇ. ಅದೂ ಹೋಯಿತು. ನನ್ನನ್ನು ಕೆಳಗಿಟ್ಟು ಕೈ ತೆಗೆದರು. ಆ ಕುಲುಕಿಗೆ ಸಿಬಿರು ಬಿತ್ತು.

ಹುಲಿ ಮೈಗೆ ಬಂತು. ಹೊರಗೆ ಏನೂ ಕಾಣುವುದಿಲ್ಲ. ಸದ್ದಿಲ್ಲ, ಹೊಗೆಯಿಲ್ಲ, ನನ್ನ ಪುಟ್ಟ ಹಸಿರು ದೀಪ ಮೊದಲಿನಂತೆಯೇ ಉರಿಯುತ್ತಿದೆ. ಗೌರಮ್ಮ ಒದ್ದೆ ಬೆರಳನ್ನು ಕುಂಕುಮದಲ್ಲಿ ಅದ್ದಿದರು. ಹುಟ್ಟಿದಾಗಿನಿಂದ ಯಾರೂ ನನ್ನನ್ನು ಹೀಗೆ ಕರೆದು ಮಾತಾಡಿಸಿರಲಿಲ್ಲ. ಮಾತಾಡಿಸಿದ ಒಬ್ಬರನ್ನೂ ನಾನು ತಿನ್ನಬೇಕೇ? ಮುಟ್ಟಬೇಡಿ ತಾಯಿ, ಎಂದಿನಂತೆ ಬೈದು ಹೋಗಿ ಎಂದು ಒಳಗೇ ಅರಚಿದೆ. ಊರಿಗೆಲ್ಲ ಕೇಳುವಂತೆ ಕಿರುಚುತ್ತಿದ್ದ ನನಗೆ ಬೇಕಾದಾಗ ಒಂದು ಮಾತು ಬರಲಿಲ್ಲ.

ಬೆರಳು ಹತ್ತಿರ ಬಂತು. ಇನ್ನೇನು ತಾಗಬೇಕು, ನಿಂತಿತು.

"ಅಯ್ಯೋ, ದೀಪ ಉರೀತಾ ಇದ್ಯಲ್ಲ! ಹಬ್ಬದ ದಿನಾನೂ ದುಡಿಸ್ತಾರಾ ಪಾಪ? ಇವತ್ತು ಆಯುಧಕ್ಕೆಲ್ಲ ರಜ ಅಲ್ವಾ?"

ಗೋಡೆಯ ಸ್ವಿಚ್ ಆರಿಸಿದರು. ಆಮೇಲೆ ನನ್ನ ಹಣೆಗೆ ಕುಂಕುಮ ಇಟ್ಟರು. ತಣ್ಣಗಿತ್ತು.

ಮರುದಿನ ವಿಜಯದಶಮಿ. ತಾಂಡವಮೂರ್ತಿ ಹೂವು ತೆಗೆದು, ಕೆಂಪು ವೈರು ಸಿಕ್ಕಿಸಿ, ಸ್ವಿಚ್ ಹಾಕಿದರು. ಢಂ! ಹುಲಿ ವೈರು ಹಿಡಿದು ತಮ್ಮನ ಮೈಯೊಳಗೆ ನುಗ್ಗಿ ಭೂಮಿಗಿಳಿಯಿತು. ಮನೆಯ ಕರೆಂಟೆಲ್ಲ ಹೋಯಿತು. ನಾವಿಬ್ಬರೂ ಅಲ್ಲಿಗೆ ಮುಗಿದೆವು.

ನನ್ನನ್ನು ಬಿಚ್ಚಿದಾಗ ಅವರಿಗೆ ಕರಕಲಾದ ಸಿಬಿರು ಕಂಡಿತು. ಪಕ್ಕದಲ್ಲೇ ಕಡಿದ ಹಸಿರು ವೈರು. ಆಮೇಲೆ ತಗಡಿನ ಮೇಲಿನ ಕುಂಕುಮ ಕಂಡಿತು. ಅದರ ಮೇಲೆ ಹೆಂಡತಿಯ ಬೆರಳಿನ ಗುರುತಿತ್ತು.

"ಗೌರಿ, ನೆನ್ನೆ ಇದನ್ನ ಮುಟ್ಟಿದ್ಯಾ?"

"ಹೂಂ ರೀ, ಕುಂಕುಮ ಇಡಬೇಡವಾ? ಸ್ವಿಚ್ ಆಫ್ ಮಾಡೇ ಇಟ್ಟೆ. ಯಾಕೆ, ಕೆಟ್ಟೋಯ್ತಾ?"

ಅವರು ನೆಲದ ಮೇಲೆ ಕುಸಿದು ಕೂತರು. "ನಾನು ನಿನ್ನ ಕೊಂದ್ಬುಡ್ತಿದ್ದೆ ಕಣೆ," ಎಂದು ಹೇಳಿ ಅತ್ತುಬಿಟ್ಟರು. ಗೌರಮ್ಮನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ತಮ್ಮ ಬಲಗೈ ಬೆರಳನ್ನೇ ಬಹಳ ಹೊತ್ತು ನೋಡಿಕೊಂಡರು.

ಸಂಜೆಯೇ ತಾಂಡವಮೂರ್ತಿ ಬೋಪಯ್ಯನ ಮನೆಗೆ ಹೋಗಿ, ಅವನದನ್ನೂ ಬಿಚ್ಚಿಸಿ, ಹಸಿರು ವೈರು ಮತ್ತೆ ಹಾಕಿಸಿ ಬಂದರಂತೆ. ನನ್ನನ್ನು ಗುಜರಿಗೆ ಹಾಕಲಿಲ್ಲ. ವಿಮಾನದ ಕೋಣೆಯ ಕಿಟಕಿಯ ಮೇಲೆ ಇದ್ದೇನೆ, ಹೊಟ್ಟೆ ತೆರೆದು, ತುಂಡಾದ ವೈರು ಎಲ್ಲರಿಗೂ ಕಾಣುವಂತೆ. ಚಾರ್ಜರ್ ಮಾಡುವುದು ಹೇಗೆಂದು ಕೇಳಲು ಬಂದವರಿಗೆ ಮೊದಲು ನನ್ನನ್ನೇ ತೋರಿಸುತ್ತಾರೆ. ಹುಲಿಯೂ ಇಲ್ಲ, ಹಸುವೂ ಇಲ್ಲ, ಈಗ ನಾನು ಬರೀ ತಗಡು.

ಆದರೂ ಆಯುಧಪೂಜೆಯ ದಿನ ಗೌರಮ್ಮ ನನಗೆ ತಪ್ಪದೆ ಕುಂಕುಮ ಇಡುತ್ತಾರೆ. ನನಗೆ ಈಗ ಪ್ಲಗ್ಗೇ ಇಲ್ಲವೆಂದು ಇಬ್ಬರಿಗೂ ಗೊತ್ತು. ಆದರೆ ಅವರು ಬೆರಳು ಅದ್ದುವ ಮೊದಲೇ ಗಂಡ ಓಡಿಬಂದು, ಗೋಡೆಯ ಸ್ವಿಚ್ಚಿನ ಮೇಲೆ ಕೈಯಿಟ್ಟು ನಿಂತಿರುತ್ತಾರೆ.