ಸೊಲ್ಲಾಪುರದ ಪರೀಕ್ಷೆ

ರುಮಾಲಿನ ಸುತ್ತು ನಿಲ್ಲುತ್ತಲೇ ಇರಲಿಲ್ಲ. ಗೋಡೆಗೆ ಒರಗಿಸಿ ಕೂರಿಸಿದ್ದ ಬಸಂತರಾಯರ ತಲೆ ಎಡಕ್ಕೆ ವಾಲಿದಾಗಲೆಲ್ಲ ಸಿದ್ರಾಮ ಕಟ್ಟಿದ್ದು ಸಡಿಲಾಗಿ ಹಣೆಯ ವಿಭೂತಿಯ ಮೇಲೆ ಜಾರುತ್ತಿತ್ತು. ಮೂರನೆಯ ಸಲ ಅವನು ಪೂರ್ತಿ ಬಿಚ್ಚಿ ಮೊದಲಿನಿಂದ ಸುತ್ತತೊಡಗಿದ. ಸಿಂದಗಿಯ ಟೆಲಿಫೋನ್ ಆಫೀಸಿನಲ್ಲಿ ಹನ್ನೊಂದು ವರ್ಷ ಇದೇ ಮನುಷ್ಯನ ಪಕ್ಕದ ಕುರ್ಚಿಯಲ್ಲಿ ಕೂತು ಕೆಲಸ ಕಲಿತವನು ಅವನು.

ಕಸ್ತೂರೆವ್ವ ಗಂಡನ ಕಾಲ ಬಳಿ ಕೂತು ನೋಡುತ್ತಿದ್ದಳು. ಅಳು ಬಂದಿರಲಿಲ್ಲ. ಮೂರು ದಿನದ ಜ್ವರದಲ್ಲಿ ಹೋದ ಗಂಡ ಅವಳ ಜೊತೆ ಮಾತು ಬಿಟ್ಟು ಎರಡು ವರ್ಷವಾಗಿತ್ತು. ಮೊನ್ನೆಯ ಮೌನಕ್ಕೂ ಇಂದಿನ ಮೌನಕ್ಕೂ ಏನು ಫರಕು ಎಂದು ಅವಳ ಮನಸ್ಸಿಗೆ ಇನ್ನೂ ತಿಳಿದಿರಲಿಲ್ಲ.

ಹತ್ತರ ಬಸ್ಸಿಗೆ ಬಾಗೇವಾಡಿಯಿಂದ ಬಸಂತರಾಯರ ಅಕ್ಕ ಹೊನ್ನವ್ವ ಬಂದಳು. ಅಂಗಳದಿಂದಲೇ ಹಾಡಿಕೊಂಡು ಅಳುತ್ತ ಬಂದು, ತಮ್ಮನ ಗಲ್ಲ ಸವರಿ, ಆಮೇಲೆ ಅವನ ಹೆಂಡತಿಯ ಕಡೆ ತಿರುಗಿದಳು.

“ನಮ್ಮ ಮನ್ಯಾಗ ಮಾತು ಅಂದ್ರ ಇವಂದ ಇತ್ತು. ಇವನ ಬಾಯಿ ಕಟ್ಟಿದಾಕಿ ನೀ. ಏನಂದಿದ್ದಿ ಇವಗ? ಇವತ್ತರ ಹೇಳು.”

ಭಜನೆಯವರ ತಾಳ ಒಂದು ಗಳಿಗೆ ತಪ್ಪಿತು. ಕಸ್ತೂರೆವ್ವ ತಲೆ ತಗ್ಗಿಸಿದಳು. ಏನಂದಿದ್ದೆ ಎಂಬುದು ಅವಳಿಗೆ ಅಕ್ಷರಕ್ಕೆ ಅಕ್ಷರ ನೆನಪಿತ್ತು.

*

ಅದು ಎಪ್ಪತ್ತೇಳರ ಬೇಸಿಗೆ. ಊರಿನ ಅರವತ್ತೆರಡು ಫೋನುಗಳ ನಂಬರೂ ಬಸಂತರಾಯರ ನಾಲಿಗೆಯ ಮೇಲಿದ್ದ ಕಾಲ ಅದು ಎಂದೇ ಎಲ್ಲರೂ ತಿಳಿದಿದ್ದರು. ಮುದ್ದೇಬಿಹಾಳಕ್ಕೋ ಇಂಡಿಗೋ ಲೈನು ಕೇಳುವವರು ಹೆಸರು ಹೇಳುವ ಮೊದಲೇ ಅವರು ದನಿಯಿಂದ ಗುರುತು ಹಿಡಿದು, ಕೆಮ್ಮು ಕಡಿಮೆಯಾಯಿತೆ, ಮಗಳ ಹೆರಿಗೆಯಾಯಿತೆ ಎಂದು ವಿಚಾರಿಸಿ, ಆಮೇಲೆ ಬೋರ್ಡಿಗೆ ವೈರು ಚುಚ್ಚಿ ಲೈನು ಕೊಡುತ್ತಿದ್ದರು. ಮನೆಗೆ ಬಂದರೂ ಅಷ್ಟೇ. ಯಾರ ಹೆಸರನ್ನೂ ಎತ್ತದೆ, ಬರೀ ದನಿಗಳನ್ನು ಆಡಿ ತೋರಿಸಿ, ಊಟಕ್ಕೆ ಬಡಿಸುವ ಹೆಂಡತಿ ರೊಟ್ಟಿ ಕೆಳಗಿಟ್ಟು ನಗುವಂತೆ ಮಾಡುತ್ತಿದ್ದರು. ಮಕ್ಕಳಿಲ್ಲದ ಮನೆ ಎಂದು ಹೊರಗಿನವರಿಗೆ ಗೊತ್ತಾಗದಷ್ಟು ಮಾತು ಅಲ್ಲಿತ್ತು.

ಅಂಥವರು ಒಂದು ಮಧ್ಯಾಹ್ನ ಬಂದು ನೌಕರಿ ಬಿಟ್ಟೆ ಎಂದರು. ನಿವೃತ್ತಿಗೆ ಇನ್ನೂ ನಾಲ್ಕು ವರ್ಷವಿತ್ತು. ಯಾಕೆ ಎಂದರೆ ಮೊಣಕಾಲು ಎಂದರು. ಕೂತು ಮಾಡುವ ಕೆಲಸಕ್ಕೆ ಮೊಣಕಾಲೇಕೆ ಎಂದು ಕಸ್ತೂರೆವ್ವನಿಗೆ ಸಿಟ್ಟು ಬಂತು.

“ನನ್ನ ಒಂದ್ ಮಾತು ಕೇಳಲಾರ್ದ ಬಿಟ್ಟು ಬಂದೀರಿ. ಇನ್ನ ದಿನಾ ನನ್ನ ಮುಂದ ಕುಂತು ಏನ್ ಮಾತಾಡೋದೈತಿ?”

ಅವರು ಏನೂ ಅನ್ನಲಿಲ್ಲ. ಮರುದಿನವೂ ಅನ್ನಲಿಲ್ಲ. ಹೂಂ, ಸಾಕು, ನೀರು, ಇಷ್ಟೇ ಉಳಿಯಿತು. ಕಸ್ತೂರಿ ಎಂದು ಕರೆಯುವುದೂ ನಿಂತಿತು. ತಪ್ಪಾಯಿತು ಎಂದು ಅವಳು ಹತ್ತು ಸಲ ಹೇಳಿದಳು. ಅವರು ಗೋಣು ಅಲ್ಲಾಡಿಸಿ ಬೇರೆ ಕಡೆ ನೋಡಿದರು. ಕೊನೆಗೆ ಅವಳೂ ಸುಮ್ಮನಾದಳು. ಬಾವಿಯ ಹತ್ತಿರ ನೆರೆಮನೆಯ ಮರೆವ್ವನ ಜೊತೆ ಆಡಿ ಬಂದ ನಾಲ್ಕು ಮಾತೇ ಅವಳ ಆ ದಿನದ ಮಾತು.

*

ನೀರು ತರಲು ಹಿತ್ತಲಿಗೆ ಹೋದ ಕಸ್ತೂರೆವ್ವನ ಹಿಂದೆಯೇ ಸಿದ್ರಾಮ ಬಂದ.

“ವೈನಿ, ಯಾರಿಗೂ ಹೇಳಬ್ಯಾಡ ಅಂತ ಅಣ್ಣಾರು ಆಣಿ ಹಾಕಿಸಿದ್ರು. ಆದ್ರ ಅಕ್ಕಾರ ಮಾತು ಕೇಳಿ ಸುಮ್ನಿರಾಕ ನನ್ನ ಕೈಲೆ ಆಗವಲ್ದು. ನಿಮ್ಮ ಮಾತಿಗೆ ಅವರು ಬಾಯಿ ಮುಚ್ಚಿದ್ದಲ್ಲರಿ.”

ಆ ವರ್ಷದ ಸಂಕ್ರಾಂತಿಯ ಸುಮಾರಿಗೆ ಬಸಂತರಾಯರು ಹತ್ತಿ ವ್ಯಾಪಾರಿಗೆ ಬಂದ ಫೋನನ್ನು ಪೊಲೀಸ್ ಠಾಣೆಗೆ ಕೊಟ್ಟಿದ್ದರಂತೆ. ಅವರೂ ಸಿದ್ರಾಮನೂ ನಕ್ಕು ಬಿಟ್ಟರು. ಮುಂದಿನ ವಾರ ಮತ್ತೆ ಹಾಗೇ ಆಯಿತು. ಆಮೇಲೆ ನಂಬರುಗಳನ್ನೆಲ್ಲ ಚೀಟಿಯಲ್ಲಿ ಬರೆದು ಬೋರ್ಡಿನ ಕೆಳಗೆ ಅಂಟಿಸಿಕೊಂಡರು. ಒಂದು ದಿನ ತಾವಾಗಿಯೇ ರಜೆ ಹಾಕಿ, ಸಿದ್ರಾಮನನ್ನು ಕರೆದುಕೊಂಡು ಸೊಲ್ಲಾಪುರಕ್ಕೆ, ಪರದೇಶದಲ್ಲಿ ಕಲಿತು ಬಂದ ಒಬ್ಬ ಡಾಕ್ಟರ ಹತ್ತಿರ ಹೋದರು.

ಅಲ್ಲಿ ಕಪಾಟಿನಷ್ಟು ದೊಡ್ಡ ಪೆಟ್ಟಿಗೆ, ಮುಂದೆ ಗಾಜು. ಗಾಜಿನ ಮೇಲೆ ಒಂದೊಂದೇ ಚಿತ್ರ ಬೆಳಗಿ ಆರುತ್ತಿತ್ತು. ಕುದುರೆ, ಕೀಲಿ, ಬೀಸಣಿಗೆ, ಹೀಗೆ ಇಪ್ಪತ್ತು. ಆಮೇಲೆ ಅವನ್ನೇ ಬೇರೆ ಚಿತ್ರಗಳಲ್ಲಿ ಬೆರೆಸಿ ತೋರಿಸುವರು. ಮೊದಲು ನೋಡಿದ್ದು ಬಂದಾಗ ಗುಂಡಿ ಒತ್ತಬೇಕು. ಒತ್ತಿದ್ದು, ಮರೆತದ್ದು, ತಡಮಾಡಿದ್ದು ಎಲ್ಲ ಕಾಗದದ ಪಟ್ಟಿಯ ಮೇಲೆ ತೂತುಗಳಾಗಿ ಹೊರಬೀಳುತ್ತಿತ್ತು. ಆ ಪಟ್ಟಿ ಮುಂಬೈಗೆ ಹೋದರೆ ಅಲ್ಲಿ ಕಂಪ್ಯೂಟರ್ ಎಂಬ ಯಂತ್ರ ಅದನ್ನು ಓದಿ, ಈ ಮನುಷ್ಯನ ನೆನಪು ಎಷ್ಟು ಸವೆದಿದೆ ಎಂದು ಹೇಳುತ್ತದಂತೆ. ಮೊದಲ ಸಲ ಬಸಂತರಾಯರು ಖುಷಿಯಿಂದಲೇ ಕೂತರು. ವೈರು, ದೀಪ, ಗುಂಡಿ ಅವರಿಗೇನು ಹೊಸದೆ. ಎರಡು ತಿಂಗಳ ಮೇಲೆ ಮತ್ತೊಮ್ಮೆ ಪರೀಕ್ಷೆಯಾಯಿತು. ಎರಡರ ಉತ್ತರವನ್ನೂ ಮುಂದಿಟ್ಟುಕೊಂಡು ಡಾಕ್ಟರು ನಿಧಾನವಾಗಿ ಹೇಳಿದರು. ಇದು ಈಗಷ್ಟೇ ಶುರುವಾಗಿದೆ, ಬಹಳ ಬೇಗ ತಿಳಿಯಿತು, ಆದರೆ ಇದಕ್ಕೆ ಔಷಧ ಇಲ್ಲ.

“ನಾವು ಎದ್ದೇಳೂ ಮುಂದ ಡಾಕ್ಟರು ಸುಮ್ನ ಕೇಳಿದ್ರು, ಹೆಂಡ್ತಿ ಹೆಸರೇನ್ರಿ ಅಂತ,” ಎಂದ ಸಿದ್ರಾಮ. “ಅಣ್ಣಾರು ಹೊನ್ನವ್ವ ಅಂದ್ರು.”

ಕಸ್ತೂರೆವ್ವನ ಕೈಯ ತಂಬಿಗೆ ನೀರಿನ ಹರವಿಯ ತಳಕ್ಕೆ ಮುಳುಗಿತು.

“ತಪ್ಪಿದ್ದು ಅವರಿಗೆ ಕೂಡಲೆ ತಿಳೀತು. ಬರೂ ಮುಂದ ಬಸ್ಸಿನ್ಯಾಗ ನನ್ನ ಕೈ ಹಿಡದು ಅಂದ್ರು, ಮನ್ಯಾಗ ಅಕಿನ್ನ ಬ್ಯಾರೆ ಹೆಸರಲೆ ಕರದ್ರ ಅಕಿ ಎದಿ ಒಡೀತೈತಿ, ಇನ್ನ ಕರಿಯಾಕೂ ಹೋಗಂಗಿಲ್ಲ, ಮಾತಾಡಾಕೂ ಹೋಗಂಗಿಲ್ಲ ಅಂತ.”

“ನನಗ ಯಾಕ ಹೇಳಲಿಲ್ಲ?”

ಸಿದ್ರಾಮ ಬಾಗಿ ಹರವಿಯೊಳಗಿಂದ ತಂಬಿಗೆ ಎತ್ತಿ ಕಟ್ಟೆಯ ಮೇಲಿಟ್ಟ. ಎರಡು ವರ್ಷ ಹೊತ್ತ ಪಾಪ ಇಳಿಯಿತು ಎಂದು ಕಸ್ತೂರೆವ್ವನಿಗೆ ಅನ್ನಿಸಿದ್ದು ಒಂದೇ ಕ್ಷಣ. ಅದರ ಬೆನ್ನಿಗೇ, ಒಂದೇ ಸೂರಿನ ಕೆಳಗೆ ಅವರೊಬ್ಬರೇ ಹೆದರುತ್ತ ತಾನೊಬ್ಬಳೇ ಕೊರಗುತ್ತ ಕಳೆದ ದಿನಗಳೆಲ್ಲ ಒಟ್ಟಿಗೆ ಎದುರು ಬಂದು ನಿಂತವು. ಅವಳು ಅಲ್ಲಿಯೇ, ಹರವಿಯ ಕಂಠ ಹಿಡಿದುಕೊಂಡು, ದನಿಯಿಲ್ಲದೆ ಅತ್ತಳು.

*

ಹೆಣ ಎತ್ತುವ ಹೊತ್ತಿಗೆ ಅಂಗಳ ತುಂಬ ಜನ. ವ್ಯಾಪಾರಸ್ಥರು, ಸಾಲಿಯ ಮಾಸ್ತರರು, ಠಾಣೆಯ ಜಮಾದಾರ, ಬಸಂತರಾಯರ ದನಿ ಕೇಳಿ ಬೆಳೆದ ಅರ್ಧ ಊರು. ಅವರೆಲ್ಲರ ಎದುರು ಹೊನ್ನವ್ವ ಮತ್ತೆ ಅದೇ ಎತ್ತಿದಳು. ತಮ್ಮ ಜ್ವರದಿಂದ ಹೋಗಲಿಲ್ಲ, ಹೆಂಡತಿಯ ನಾಲಿಗೆಯಿಂದ ಹೋದ ಎಂದಳು. ಸಿದ್ರಾಮ ಮುಂದೆ ಬಂದು, ಹಾಗಲ್ಲ ಎಂದು ಬಾಯಿ ತೆರೆದ. ಕಸ್ತೂರೆವ್ವ ಅವನ ತೋಳು ಹಿಡಿದಳು. ಈಗ ಹೇಳಿದರೆ, ಊರ ನೆನಪನ್ನೆಲ್ಲ ತಲೆಯಲ್ಲಿಟ್ಟುಕೊಂಡಿದ್ದ ಮನುಷ್ಯನಿಗೆ ನಾಳೆಯಿಂದ ಅರಳು ಮರಳಿನವನು ಎಂಬ ಹೆಸರು ಉಳಿಯುತ್ತಿತ್ತು.

“ನಾನ ಅಂದಿದ್ನಿ ಅಕ್ಕಾರ,” ಎಂದಳು. “ನನ್ನ ಬಾಯಿ ಸುಮ್ನಿರಲಿಲ್ಲ.”

ಸಿದ್ರಾಮ ಮುಖ ತಿರುಗಿಸಿಕೊಂಡು ಹೆಗಲು ಕೊಟ್ಟ. ಹೆಂಗಸರು ಊರಬಾಗಿಲ ಅಗಸಿಯವರೆಗೆ ಹೋಗಿ ತಿರುಗಿದರು. ಗಂಡಸರು ಹೊಲದಲ್ಲಿ ಮಣ್ಣು ಕೊಟ್ಟು ಬಂದರು.

ಸಂಜೆಯ ಬಸ್ಸಿಗೆ ಹೊನ್ನವ್ವ ಹೊರಟುನಿಂತಳು. ಅವಳು ಮರೆತ ಕೈಚೀಲ ಹಿಡಿದು ಕಸ್ತೂರೆವ್ವ ನಿಲ್ದಾಣದವರೆಗೆ ಹೋದಳು. ಚೀಲ ಇಸಿದುಕೊಂಡ ಹೊನ್ನವ್ವ ಕಿಟಕಿಯಿಂದ ಹೊರಗೆ ನೋಡಲಿಲ್ಲ.

ತಿರುಗಿ ಬಂದಾಗ ಮನೆಯ ಬಾಗಿಲು ತೆರೆದೇ ಇತ್ತು. ಮರೆವ್ವ ರೊಟ್ಟಿ ಮುಚ್ಚಿಟ್ಟು, ಕಂದೀಲು ಹಚ್ಚಿ ಹೋಗಿದ್ದಳು. ಈ ಎರಡು ವರ್ಷ ಕಸ್ತೂರೆವ್ವ ಹೊರಗಿನಿಂದ ಬಂದಾಗಲೆಲ್ಲ ಬಸಂತರಾಯರು ಹೊರಸಿನ ಮೇಲೆ ಮಲಗಿದ್ದಲ್ಲಿಂದ ಕತ್ತೆತ್ತಿ, ತುಟಿ ಚೂರು ತೆರೆದು, ಅವಳ ಮುಖವನ್ನೇ ಏನೋ ಹುಡುಕುವಂತೆ ನೋಡುತ್ತಿದ್ದರು. ಸಿಟ್ಟೆಂದು ತಿಳಿದು ಅವಳು ಸೆರಗು ಎಳೆದುಕೊಂಡು ಸರಸರ ಒಳಗೆ ಹೋಗಿಬಿಡುತ್ತಿದ್ದಳು.

ಇಂದು ಹೊಸ್ತಿಲು ದಾಟಿ ಅಲ್ಲೇ ನಿಂತಳು. ತಲೆಯ ಮೇಲಿನ ಸೆರಗನ್ನು ಹಿಂದಕ್ಕೆ ಸರಿಸಿದಳು.

“ನಾನ್ರಿ, ಕಸ್ತೂರಿ,” ಎಂದಳು ಖಾಲಿ ಹೊರಸಿನ ಕಡೆ.

ಆಮೇಲೆ ಕಂದೀಲು ಎತ್ತಿ, ಸರಿಯಾಗಿ ಕಾಣಲೆಂದು, ತನ್ನ ಮುಖದ ಹತ್ತಿರ ಹಿಡಿದಳು.