ಹೊನ್ನೂರಮ್ಮನ ಮನೆಯಿಂದಲೇ ಮತದಾನ

"ಏ ಕುರುಡ ಮುಂಡಿ, ಅಲ್ಲೇ ಕೆಳಗ ಕುಂದ್ರು. ಪಡಸಾಲಿ ಮ್ಯಾಲ ಕಾಲಿಟ್ಟಿ ಅಂದ್ರ ಕಾಲು ಮುರೀತೀನಿ," ಎಂದು ಊರಿನ ಧಣಿ ಕೊಟ್ಟೂರಪ್ಪ ಗದರಿದ. ಮೆಟ್ಟಿಲು ಹುಡುಕುತ್ತಿದ್ದ ಕಾಲನ್ನು ಹೊನ್ನೂರಮ್ಮ ಹಿಂದಕ್ಕೆಳೆದುಕೊಂಡು, ಅಂಗಳದ ಬಿಸಿಲಲ್ಲಿ ಹಾಸಿದ್ದ ಗೋಣಿಚೀಲದ ಮೇಲೆ ಕೂತಳು. ಮೇಲೆ ಪಡಸಾಲೆಯಲ್ಲಿ ಪ್ರಜಾಪ್ರಭುತ್ವ ಫ್ಯಾನಿನ ಕೆಳಗೆ ಮಜ್ಜಿಗೆ ಕುಡಿಯುತ್ತಿತ್ತು. ಕುರುಗೋಡಿನ ಹೈಸ್ಕೂಲು ಮೇಷ್ಟರು ಸಂಗಮೇಶ್ ಈ ಸಲ ಮತದಾನದ ಅಧಿಕಾರಿ. ಅವರ ಜೊತೆಗೊಬ್ಬ ಸಹಾಯಕ, ಒಬ್ಬ ಪೊಲೀಸಪ್ಪ, ವಿಡಿಯೋ ತೆಗೆಯುವವನೊಬ್ಬ. ಮೇಜಿನ ಮೇಲೆ ಮರೆಗೆಂದು ರಟ್ಟಿನ ಗೂಡು ನಿಲ್ಲಿಸಿದ್ದರು.

ಕಣ್ಣು ಕಾಣದವರು, ನಡೆಯಲಾಗದವರು ಮತಗಟ್ಟೆಗೆ ಬಂದು ಕಷ್ಟಪಡುವುದು ಬೇಡ, ನಾವೇ ಅವರ ಮನೆಗೆ ಹೋಗುತ್ತೇವೆ ಎಂದು ಈ ವಿಧಾನಸಭೆ ಚುನಾವಣೆಗೆ ಸರ್ಕಾರ ಹೇಳಿತ್ತು. ಮಾತು ಬಹಳ ಚೆನ್ನಾಗಿತ್ತು. ಯಾರ ಮನೆಗೆ ಎಂಬುದನ್ನು ಮಾತ್ರ ಕೊಟ್ಟೂರಪ್ಪ ನೋಡಿಕೊಂಡ. ಪಿಂಚಣಿ ಕಾಗದವೆಂದು ಹೇಳಿ ಹೊನ್ನೂರಮ್ಮನ ಹೆಬ್ಬೆಟ್ಟು ಒತ್ತಿಸಿ, ಮನೆಯಿಂದ ಮತದಾನ ಬೇಕೆಂಬ ಅರ್ಜಿ ಹಾಕಿದವನು ಅವನೇ. ಆ ಅರ್ಜಿ ಒಪ್ಪಿಗೆಯಾದ ಮೇಲೆ ಮತಗಟ್ಟೆಗೆ ಹೋದರೆ ಸೇರಿಸುವುದಿಲ್ಲ. ಮೊನ್ನೆ ತಂಡ ಒಮ್ಮೆ ಬಂದಾಗ ಅವಳು ಕೊಟ್ಟೂರಪ್ಪನ ಕಣದಲ್ಲೇ ಭತ್ತ ಕೇರುತ್ತಿದ್ದಳು. ಹಟ ಮಾಡಲು ಅವಳಿಗೆ ಎಡೆ ಉಳಿಯಬಾರದೆಂದು, ಅವಳು ಊರಲ್ಲಿಲ್ಲ ಎಂದು ಅವನು ಹೇಳಿ ಕಳಿಸಿದ್ದ. ಇವತ್ತು ಎರಡನೆಯ ಸಲ, ಕೊನೆಯ ಸಲ, ತಂಡವನ್ನು ಅವನು ತನ್ನ ಪಡಸಾಲೆಗೇ ಕರೆಸಿಕೊಂಡಿದ್ದ. ಇವತ್ತು ಹಾಕದಿದ್ದರೆ ಅವಳಿಗೆ ವೋಟಿಲ್ಲ.

ಹೊನ್ನೂರಮ್ಮನಿಗೆ ನಲವತ್ತರ ಹತ್ತಿರ ವಯಸ್ಸು. ಇದುವರೆಗೆ ನಾಲ್ಕು ವಿಧಾನಸಭೆ ಚುನಾವಣೆಗಳಲ್ಲಿ ಅವಳ ವೋಟು ಬಿದ್ದಿದೆ, ನಾಲ್ಕು ಸಲವೂ ಕೊಟ್ಟೂರಪ್ಪನ ಆಳು ಜೊತೆಗೆ ಬಂದು ಗುಂಡಿ ಒತ್ತಿದ್ದಾನೆ. ಅವಳ ಪಾಲಿಗೆ ಬಂದದ್ದು ಯಂತ್ರದ ಕುಂಯ್ ಎನ್ನುವ ಸದ್ದು. ಮೊರದ ಸದ್ದು ಕೇಳಿ ಜೊಳ್ಳೆಷ್ಟು ಗಟ್ಟಿಯೆಷ್ಟು ಎಂದು ಹೇಳಬಲ್ಲ ಹೆಂಗಸಿಗೆ ಆ ಸದ್ದು ಯಾರ ಪಾಲಿಗೆ ಹೋಯಿತೆಂದು ಒಮ್ಮೆಯೂ ತಿಳಿಯಲಿಲ್ಲ.

ಹೋದ ತಿಂಗಳು ಬಳ್ಳಾರಿಯ ಪಾರ್ವತಿನಗರದಿಂದ ಸುನಂದಾ ಎನ್ನುವವಳು ಮೂರು ಗಾಲಿಯ ಸ್ಕೂಟರಿನಲ್ಲಿ ಕೇರಿಗೆ ಬಂದಿದ್ದಳು. ಅಂಗವಿಕಲರ ಸಂಘದವಳು. ಬಸ್ಸು, ಶಾಲೆ, ಪಿಂಚಣಿ, ನಮ್ಮ ಈ ಮಾತುಗಳನ್ನು ವಿಧಾನಸಭೆಯಲ್ಲಿ ಎತ್ತುತ್ತೀರಾ ಎಂದು ಸಂಘದವರು ಎಲ್ಲ ಅಭ್ಯರ್ಥಿಗಳಿಗೂ ಮನವಿ ಕೊಟ್ಟಿದ್ದರಂತೆ. ಕೊಟ್ಟೂರಪ್ಪನ ಕಡೆಯ ದೊಡ್ಡ ಅಭ್ಯರ್ಥಿ ಮನವಿಯನ್ನು ಓದದೆ, ಆ ಉರಿ ಬಿಸಿಲಲ್ಲಿ ಎಲ್ಲರಿಗೂ ಒಂದೊಂದು ಶಾಲು ಹೊದಿಸಿ, ಫೋಟೋ ತೆಗೆಸಿಕೊಂಡು ಕಳಿಸಿದನಂತೆ. ಎತ್ತುತ್ತೇನೆ ಎಂದು ಸಹಿ ಹಾಕಿಕೊಟ್ಟವನು ಒಬ್ಬನೇ, ಪಟ್ಟಿಯಲ್ಲಿ ಆರನೆಯವನು. ಅವನು ಗೆಲ್ಲುವುದು ಕಷ್ಟ ಎಂದೂ ಸುನಂದಾ ಮುಚ್ಚಿಡದೆ ಹೇಳಿದಳು. ಹೋಗುವಾಗ ಇನ್ನೊಂದು ಮಾತು ಹೇಳಿದ್ದಳು: ಜೊತೆಗೆ ಯಾರು ಬರಬೇಕೆಂದು ಆರಿಸುವವಳು ನೀನು, ಊರಿನ ಧಣಿಯಲ್ಲ. ಅವತ್ತಿನಿಂದ ಹೊನ್ನೂರಮ್ಮನಿಗೆ ಒಂದೇ ಹಟ. ಗೆಲ್ಲಲಿ ಬಿಡಲಿ, ಒಂದು ಸಲವಾದರೂ ತನ್ನ ವೋಟು ತಾನು ಹೇಳಿದಲ್ಲಿ ಬೀಳಬೇಕು.

ವೋಟು ಹಾಕಲು ಹೊನ್ನೂರಮ್ಮನ ಜೊತೆಗೆ ಯಾರು ಎಂದು ಸಂಗಮೇಶ್ ಮೇಷ್ಟರು ಕೇಳುತ್ತಲೇ ಕೊಟ್ಟೂರಪ್ಪ ಪೆನ್ನಿಗೆ ಕೈ ಚಾಚಿದ.

"ನಾನ ಬರ್ಕೊರಿ. ನಮ್ಮನಿ ಅನ್ನ ತಿಂದಾಕಿ. ಅಕಿ ಮನಸಿನಾಗ ಏನೈತಿ ಅನ್ನೋದು ಅಕಿಗಿಂತ ನನಗ ಚೊಲೋ ಗೊತ್ತು."

ಇಷ್ಟು ಖಚಿತವಾದ ಸಾಕ್ಷಿ ಸಿಕ್ಕ ಮೇಲೆ ಮೇಷ್ಟರು ಬರೆಯತೊಡಗಿದರು.

"ಸಾರ್, ನನ್ನ ಜೊತಿಗೆ ಹಂಪಮ್ಮ ಬರ್ತಾಳ," ಎಂದಳು ಹೊನ್ನೂರಮ್ಮ.

ಹಂಪಮ್ಮ ಪಕ್ಕದ ಗುಡಿಸಲಿನವಳು, ಕಣದಲ್ಲಿ ಜೊತೆಗೆ ಕೇರುವವಳು, ಏಳನೆಯ ತರಗತಿ ಓದಿದವಳು. ಅವಳು ಗೇಟಿನ ಹೊರಗೆ ನಿಂತಿದ್ದಳು, ಏಕೆಂದರೆ ಧಣಿ ಕರೆಸದ ಅವಳಿಗೆ ಅಂಗಳಕ್ಕೂ ಅಪ್ಪಣೆಯಿರಲಿಲ್ಲ. ಕೊಟ್ಟೂರಪ್ಪ ನಕ್ಕ. ಅವಳು ಪಡಸಾಲೆ ಹತ್ತಿದರೆ ಆಮೇಲೆ ತೊಳೆಯುವವರು ಯಾರು, ಸರ್ಕಾರವೇನು ಎಂದು ಕೇಳಿದ. ಮೇಷ್ಟರು ಎರಡೂ ಕಡೆ ನೋಯದಂಥ ದಾರಿ ಹುಡುಕಿದರು. ಮತದ ಕಾಗದ ಪಡಸಾಲೆಯ ಮೇಲೆ ಇರಲಿ, ಯಾರಿಗೆ ಎಂಬುದನ್ನು ಹೊನ್ನೂರಮ್ಮ ಅಂಗಳದಿಂದಲೇ ಹೇಳಲಿ, ಗುರುತು ನಾವೇ ಹಾಕುತ್ತೇವೆ ಎಂದರು. ರಹಸ್ಯ ಮತದಾನವನ್ನು ಹೀಗೆ ಕೂಗಿ ಮಾಡುವುದರಲ್ಲಿ ಅವರಿಗೆ ತಪ್ಪೇನೂ ಕಾಣಲಿಲ್ಲ. ಮಜ್ಜಿಗೆ ತಣ್ಣಗಿತ್ತು.

ಹೊನ್ನೂರಮ್ಮ ಎದ್ದು ನಿಂತಳು. ವಿಡಿಯೋ ನಡೆಯುತ್ತಿದೆಯೇ ಎಂದು ಕೇಳಿದಳು. ನಡೆಯುತ್ತಿದೆಯಮ್ಮ ಎಂದು ಆ ಹುಡುಗ ಹೇಳಿದ.

"ಹಂಗಾರ ಅದರಾಗ ಬರ್ಲಿ. ಇದು ನನ್ನ ಮನಿ ಅಲ್ರಿ. ನನ್ನ ಮನಿ ಕೇರ್ಯಾಗ ಐತಿ. ಮನಿಗೆ ಬರ್ತೀವಿ ಅಂದಿದ್ರಿ. ಬರ್ರಿ."

ಗೋಡೆ ಸವರುತ್ತಾ ಗೇಟಿಗೆ ಬಂದು ಹಂಪಮ್ಮನ ಭುಜ ಹಿಡಿದು ನಡೆದಳು. ಅವರು ಬರದಿದ್ದರೆ ವೋಟೂ ಹೋಯಿತು, ನಾಳೆಯ ಕೂಲಿಯೂ ಹೋಯಿತು ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಸ್ವಲ್ಪ ಹೊತ್ತಿಗೆ ಹಿಂದೆ ಹೆಜ್ಜೆಗಳು ಕೇಳಿದವು.

ವಿಡಿಯೋ ಸಿರುಗುಪ್ಪದ ಚುನಾವಣಾ ಕಚೇರಿಗೆ ಹೋಗುತ್ತದೆ, ಅಲ್ಲಿಂದ ಬಳ್ಳಾರಿಗೂ ಹೋಗಬಹುದು ಎಂಬುದು ಹೊಳೆದ ಕೂಡಲೇ ಮೇಷ್ಟರಿಗೆ ಕಾನೂನೆಲ್ಲ ಒಮ್ಮೆಲೇ ನೆನಪಾಗಿತ್ತು. ಮತದ ಪೆಟ್ಟಿಗೆ ಹೊತ್ತ ಸಹಾಯಕ, ರಟ್ಟು ಹೊತ್ತ ಪೊಲೀಸಪ್ಪ, ಅವರ ಹಿಂದೆ ಹೊನ್ನೂರಮ್ಮನ ಅವ್ವನನ್ನೂ ಅಜ್ಜಿಯನ್ನೂ ಬೈಯುತ್ತಾ ಕೊಟ್ಟೂರಪ್ಪ. ಕೇರಿಗೆ ಇಷ್ಟು ದೊಡ್ಡ ಮೆರವಣಿಗೆ ಹಿಂದೆಂದೂ ಬಂದಿರಲಿಲ್ಲ.

ಗುಡಿಸಲಿನೊಳಗೆ ಮೇಷ್ಟರು ತಲೆ ತಗ್ಗಿಸಿ ಬಂದರು. ಹಂಪಮ್ಮನ ಸಹಿ ಪಡೆದು, ಕಾಳಿನ ಡಬ್ಬದ ಮೇಲೆ ರಟ್ಟು ನಿಲ್ಲಿಸಿ, ಆಚೆ ತಿರುಗಿ ನಿಂತರು. ಹೊನ್ನೂರಮ್ಮ ಹಂಪಮ್ಮನ ಕಿವಿಯಲ್ಲಿ ಒಂದು ಮಾತು ಹೇಳಿದಳು. ಹಂಪಮ್ಮ ಅವಳ ಕೈಗೆ ಪೆನ್ನು ಕೊಟ್ಟು ಜಾಗ ತೋರಿಸಿದಳು. ಗುರುತು ಹಾಕಿದ್ದು ಹೊನ್ನೂರಮ್ಮನೇ. ಲಕೋಟೆಯನ್ನೂ ಅವಳೇ ಅಂಟಿಸಿದಳು.

ಕೊಟ್ಟೂರಪ್ಪ ಬಾಗಿಲವರೆಗೆ ಬಂದಿದ್ದ. ಕುತ್ತಿಗೆ ಒಳಗೆ ಬಗ್ಗುತ್ತಿತ್ತು, ಕಾಲು ಬರುತ್ತಿರಲಿಲ್ಲ. ಅವನ ವಂಶದಲ್ಲಿ ಯಾರೂ ಈ ಕೇರಿಯ ಹೊಸ್ತಿಲು ದಾಟಿದವರಲ್ಲ. ಆ ದಿನ ಮತದಾನದ ಗುಟ್ಟನ್ನು ಕಾದದ್ದು ಪೊಲೀಸಪ್ಪನಲ್ಲ, ಧಣಿಯ ಮಡಿ.

"ಯಾರಿಗ್ ಹಾಕಿದಿ ಬೊಗಳಲೇ, ಹಾದರಗಿತ್ತಿ. ನಾಳಿಂದ ಕಣದಾಗ ಹೆಂಗ ಕಾಲಿಡ್ತಿ ನೋಡ್ತೀನಿ."

ಹೊನ್ನೂರಮ್ಮ ಕೊಡದಿಂದ ಒಂದು ತಂಬಿಗೆ ನೀರು ಮೊಗೆದು, ದನಿ ಬಂದ ಕಡೆಗೆ ಚಾಚಿದಳು.

"ಒಳಗ ಬರ್ರಿ ಧಣೇರ. ಕುಂತು ನಮ್ಮನಿ ನೀರು ಕುಡೀರಿ. ಆಮ್ಯಾಲ ಹೇಳ್ತೀನಿ."